ಮೂರು ಚುಕ್ಕೆ ಇದ್ದ ಜಾಗ

ಆ ಮಡ್‌ಗಾರ್ಡ್ ಅಮೆರಿಕದಿಂದ ಬಂದದ್ದಲ್ಲ. ಒಂಬತ್ತು ವರ್ಷ ನಾನು ಹೇಳಿಕೊಂಡು ಬಂದದ್ದು ಸುಳ್ಳು. ಧಾರವಾಡದ ಪಟ್ಟಣಶೆಟ್ಟಿ ಸಾಹೇಬರ ಕೆಂಪು ಕಾರಿನ ಎಡಗಡೆ ಮುಂದಿನ ಚಕ್ರದ ಮೇಲಿನ ಆ ತಗಡು, ಎಷ್ಟೋ ಮಂದಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರಲ್ಲ, ಅದನ್ನು ಉಪ್ಪಿನಬೆಟಗೇರಿಯ ಮೌನೇಶಪ್ಪ ಕಮ್ಮಾರ ಎಂಬ ಮನುಷ್ಯ ಹುಬ್ಬಳ್ಳಿಯ ನನ್ನ ಗ್ಯಾರೇಜಿನಲ್ಲಿ, ಒಂದು ಹುಣಸೆ ಕೊರಡಿನ ಮೇಲೆ ಬಡಿದು ಮಾಡಿದ್ದು. ಅದರ ಒಳಮಗ್ಗುಲಲ್ಲಿ ಅವರು ಮೂರು ಚುಕ್ಕೆ ಹೊಡೆದಿದ್ದರು. ಆ ಚುಕ್ಕೆಗಳನ್ನು ಅಳಿಸಿದವನು ನಾನು.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಪೆನ್ನು ಹಿಡಿಯುವುದು ಸಹಿ ಹಾಕಲಿಕ್ಕೆ ಅಷ್ಟೇ. ಆದರೆ ಇಂಜಿನ್ನಿನ ಸದ್ದು ಕೇಳಿ ಎಲ್ಲಿ ನೋವಿದೆ ಎಂದು ಹೇಳಬಲ್ಲೆ. ಗೋಕುಲ ರೋಡಿನ ಹಿಂದಿನ ಓಣಿಯಲ್ಲಿ ನನ್ನ ಗ್ಯಾರೇಜು ಶುರುವಾದಾಗ ತಗಡು ಹೊದಿಸಿದ ಒಂದು ಪತ್ರಾಸಿನ ಶೆಡ್ಡು, ಒಂದು ಜಾಕು, ನನ್ನ ಎರಡು ಕೈ ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಲಿಂದ ಮೇಲೆ ಬಂದವನಿಗೆ ಸೊಕ್ಕು ಬರುತ್ತದೆ, ನನಗೂ ಬಂತು. 'ಬಸಣ್ಣನ ಕೈಗೆ ಕೊಟ್ಟ ಸಾಮಾನು ಕೆಟ್ಟಿದ್ದು ಇಲ್ಲ' ಎಂದು ನಾನೇ ಹತ್ತು ಮಂದಿಯ ಮುಂದೆ ಹೇಳುತ್ತಿದ್ದೆ. ಆ ಒಂದು ಮಾತು ಉಳಿಯಲಿ ಅಂತ ನಾನು ಏನು ಮಾಡಿದೆ ಅಂದರೆ — ಇರಲಿ, ಕಾರಿನಿಂದಲೇ ಶುರು ಮಾಡುತ್ತೇನೆ.

ಸಾಹೇಬರ ತಂದೆ ಯಾವುದೋ ಕಾಲದಲ್ಲಿ ಊರು ಬಿಟ್ಟು ಹೋಗುತ್ತಿದ್ದ ಪರದೇಶದ ಇಂಜಿನಿಯರ್ ಒಬ್ಬನಿಂದ ಆ ಗಾಡಿ ಕೊಂಡಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಹತ್ತಿ ಗೋದಾಮಿನ ಮೂಲೆ ಸೇರಿತ್ತು. ನಾವು ಅದನ್ನು ಹೊರಗೆ ಎಳೆದ ದಿನ ಟಾಯರಿನಲ್ಲಿ ಗಾಳಿಯಿಲ್ಲ, ಸೀಟಿನಲ್ಲಿ ಇಲಿಗೂಡು, ಮೈತುಂಬ ಹತ್ತಿಯ ನವಿರು. ಎರಡೇ ಬಾಗಿಲು. ಉದ್ದ ಮೂತಿ, ಗಿಡ್ಡ ಬೆನ್ನು, ಹಿಂದಿನ ಚಕ್ರದ ಮೇಲೆ ಗೂಳಿಯ ತೊಡೆಯಂಥ ಉಬ್ಬು. ಎಂಟು ಸಿಲಿಂಡರಿನ ಇಂಜಿನ್. ನಾನು ಬಾನೆಟ್ ಎತ್ತಿ ನೋಡಿದೆ. ಮನುಷ್ಯರು ಇಂಥದ್ದನ್ನೂ ಮಾಡಿದ್ದಾರಲ್ಲ ಎಂದು ಎದೆ ತುಂಬಿ ಬಂದಿತ್ತು. ಸಾಹೇಬರು ಹೇಳಿದ್ದು ಒಂದೇ ಮಾತು:

"ಬಸಣ್ಣ, ಎಷ್ಟ ದಿನಾ ಬೇಕಾದ್ರೂ ತಗೋ. ಆದ್ರ ಎಲ್ಲಾ ಒರಿಜಿನಲ್ ಆಗಬೇಕು. ನಮ್ಮ ಅಪ್ಪಾ ಕೂತ ಗಾಡಿ ಅದು."

ಇಂಜಿನ್ ನನ್ನದು. ತಗಡಿನ ಕೆಲಸ ಮೌನೇಶಪ್ಪ ಕಾಕಾನದು. ಅವರು ಆಗಲೇ ಅರವತ್ತು ದಾಟಿದ್ದರು. ದಿನಾ ಬೆಳಗಿನ ಬಸ್ಸಿಗೆ ಉಪ್ಪಿನಬೆಟಗೇರಿಯಿಂದ ಬಂದು ಸಂಜೆ ಬಸ್ಸಿಗೆ ಹೋಗುವವರು. ಅವರ ಅಪ್ಪ ಬಾವಿಯ ಕೊಡ, ಬಂಡಿಯ ಪಟ್ಟಿ ಮಾಡುತ್ತಿದ್ದವರು. ಅಪ್ಪ ಮಾಡಿದ ಪ್ರತಿ ಕೊಡದ ತಳಕ್ಕೆ ಮೂರು ಚುಕ್ಕೆ ಇರುತ್ತಿದ್ದವು, ಮಗನೂ ಅದನ್ನೇ ಮುಂದುವರಿಸಿದ್ದರು. ತಾವು ಪೂರಾ ಮಾಡಿದ ತಗಡಿಗೆ ಮಾತ್ರ, ಅದೂ ಯಾರಿಗೂ ಕಾಣದ ಒಳಮಗ್ಗುಲಲ್ಲಿ, ಉಳಿಯಿಂದ ಮೂರು ಚುಕ್ಕೆ.

ಕಾಕಾನ ಅಂಗೈ ನೋಡಬೇಕಿತ್ತು ನೀವು. ತಗಡಿನ ಮೇಲೆ ಒಂದು ತೆಳ್ಳಗಿನ ಅರಿವೆ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಮೆಲ್ಲಗೆ ಸರಿಸುತ್ತಿದ್ದರು. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. "ಇಲ್ಲಿ ಐತಿ" ಎನ್ನುತ್ತಿದ್ದರು. ನಾನು ಬ್ಯಾಟರಿ ಬೆಳಕು ಬಿಟ್ಟು ಹುಡುಕಿದರೂ ಕಾಣದ ತಗ್ಗು ಅಲ್ಲಿ ಇರುತ್ತಿತ್ತು — ಪ್ರತಿ ಸಲ.

ಆ ಕಾರಿನ ಎಡಗಡೆ ಮಡ್‌ಗಾರ್ಡ್ ಪೂರಾ ತುಕ್ಕು ತಿಂದು ಜರಡಿಯಾಗಿತ್ತು. ಸಾಹೇಬರು ಅಮೆರಿಕದಲ್ಲಿ ಹುಡುಕಿಸಿ, ಅದೇ ಗಾಡಿಯ, ಅದೇ ಕಾಲದ ಮಡ್‌ಗಾರ್ಡ್ ಒಂದನ್ನು ಹಡಗಿನಲ್ಲಿ ತರಿಸಿದರು. ತಾವೇ ಪೆಟ್ಟಿಗೆ ಸಮೇತ ಗ್ಯಾರೇಜಿಗೆ ಬಂದು ಬಿಚ್ಚಿಸಿದರು. ದಾರಿಯಲ್ಲಿ ಎಲ್ಲೋ ಪೆಟ್ಟು ಬಿದ್ದು ಅಂಗೈಯಷ್ಟು ತಗ್ಗಾಗಿತ್ತು. ಅವರ ಮುಖ ಸಣ್ಣದಾಯಿತು. ನಾನು ನಕ್ಕು, "ಇದೇನ್ ದೊಡ್ಡದ ಬಿಡ್ರಿ, ನಾಡಿದ್ದ ಬರ್ರಿ, ಎಲ್ಲಿತ್ತು ಅಂತ ನೀವಽ ಹುಡುಕಬೇಕು" ಅಂದೆ.

ಮರುದಿನ ಅಮಾವಾಸ್ಯೆ. ಕಾಕಾನ ಮನೆತನದಲ್ಲಿ ಅಮಾವಾಸ್ಯೆಗೆ ಸುತ್ತಿಗೆ ಮುಟ್ಟುವುದಿಲ್ಲ. ಹತ್ಯಾರಗಳನ್ನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಅವಕ್ಕೆ ವಿಶ್ರಾಂತಿ ಕೊಡುವ ದಿನ. ಆ ದಿನ ನನ್ನ ಗ್ಯಾರೇಜೂ ಮುಚ್ಚಿರುತ್ತಿತ್ತು. ಪಾಡ್ಯದ ಬೆಳಿಗ್ಗೆ ಕಾಕಾ ಬಂದು, ತಣ್ಣಗಿನ ತಗಡಿನ ಮೇಲೇ ಹತ್ತು ಏಟಿನಲ್ಲಿ ಆ ತಗ್ಗನ್ನು ಎತ್ತಿಬಿಡುತ್ತಿದ್ದರು, ಅದು ನನಗೆ ಗೊತ್ತಿತ್ತು. ಆದರೆ ಸಾಹೇಬರ ಮುಂದೆ ನಕ್ಕವನು ನಾನಲ್ಲವೆ? ನಾನೇ ಎತ್ತಿ ತೋರಿಸಬೇಕು ಅನ್ನಿಸಿತು. ಬಾಗಿಲು ತೆರೆದೆ. ಒಬ್ಬನೇ. ಸುತ್ತಿಗೆಯಿಂದ ಎತ್ತಲು ನೋಡಿದೆ, ಏಳಲಿಲ್ಲ. ಗ್ಯಾಸ್ ಹಚ್ಚಿದೆ. ತಗಡು ಕೆಂಪಗಾಯಿತು, ಇನ್ನಷ್ಟು ಕೆಂಪಗಾಯಿತು, ಆಮೇಲೆ ನನ್ನ ಕಣ್ಣೆದುರೇ ಬಿಸಿ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿಕೊಂಡಿತು. ಒಂದು ಕಡೆ ಇಳಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಮಡ್‌ಗಾರ್ಡ್ ಆಗಿ ಉಳಿದಿರಲಿಲ್ಲ.

ಸಾಹೇಬರಿಗೆ ಫೋನ್ ಮಾಡಿ, "ಬಣ್ಣದ ಕೆಲಸ ಶುರು ಮಾಡೇವ್ರಿ, ಧೂಳಾಗತೈತಿ, ನಾ ಹೇಳೂತನಕಾ ಬರಬ್ಯಾಡ್ರಿ" ಎಂದೆ. ಅದು ಮೊದಲನೆಯ ಸುಳ್ಳು.

ಪಾಡ್ಯದ ಬೆಳಿಗ್ಗೆ ಕಾಕಾ ಬಂದವರು ಆ ತಗಡಿನ ಮೇಲೆ ಅಂಗೈ ಕೂಡ ಇಡಲಿಲ್ಲ. ದೂರದಿಂದಲೇ ನೋಡಿದರು.

"ಗ್ಯಾಸ್ ಹಿಡದ್ಯಾ?"

"ಹೂಂ ಕಾಕಾ."

"ನಿನ್ನೆ?"

"ಹೂಂ."

"ಅಲ್ಲೋ ತಮ್ಮಾ, ಈ ತಗಡ ಸಮುದ್ರ ದಾಟಿ ಬರೂತನಕಾ ತಡಕೊಂಡೈತಿ. ನಿನಗ ಒಂದ ದಿನಾ ತಡಕೊಳ್ಳಾಕ ಆಗಲಿಲ್ಲ?"

ನಾನು ತಲೆ ತಗ್ಗಿಸಿ, "ಸಾಹೇಬ್ರಿಗೆ ಗೊತ್ತಾಗಬಾರದು ಕಾಕಾ. ನನ್ನ ಹೆಸರ ಹೋಗತೈತಿ" ಎಂದೆ. ಅವರು ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಹೇಳಿದರು: "ಬಲಗಡೀದು ಬಿಚ್ಚು. ಅದನ್ನ ನೋಡಿ ಎಡಗಡೀದು ಮಾಡೂಣು."

ಆ ಇಪ್ಪತ್ತು ಇಪ್ಪತ್ತೆರಡು ದಿನ ನನ್ನ ಆಯುಷ್ಯದಲ್ಲಿ ಮತ್ತೆ ಬರಲಿಲ್ಲ. ಪೇಟೆಯಿಂದ ತಂದ ಸಾದಾ ತಗಡು — ಚಪ್ಪಟೆ, ಮೂಕ, ಕಾಗದದಂಥದ್ದು. ಹುಣಸೆ ಕೊರಡಿನ ತಲೆಯಲ್ಲಿ ಒಂದು ಗುಂಡಿ ಕೊರೆದಿದ್ದರು, ಪಕ್ಕದಲ್ಲಿ ಉಸುಕಿನ ಚೀಲ. ಕಟ್ಟಿಗೆಯ ಕೊಡತಿಯಿಂದ ಬಡಿಯುತ್ತ, ತಗಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಅದರಿಂದ ಹೊಟ್ಟೆ ಬರಿಸಿದರು. ಬಲಗಡೆಯದು ನೋಡಿ ಎಡಗಡೆಯದು ಮಾಡುವುದೆಂದರೆ ಎಲ್ಲವೂ ಉಲ್ಟಾ. ಅದಕ್ಕೆ ಅವರು ಎರಡೂ ತಗಡುಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ಕೂತು, ಬಲಗೈ ಅದರ ಮೇಲೆ, ಎಡಗೈ ಇದರ ಮೇಲೆ ಇಟ್ಟು, ಕಣ್ಣು ಮುಚ್ಚಿ ಎರಡೂ ಕೈಗಳನ್ನು ಒಟ್ಟಿಗೆ ಸರಿಸುತ್ತಿದ್ದರು. ಒಂದು ಕೈ ಕೇಳುತ್ತಿತ್ತು, ಇನ್ನೊಂದು ಹೇಳುತ್ತಿತ್ತು.

ಸದ್ದೂ ಬದಲಾಯಿತು. ಮೊದಮೊದಲು ಖಾಲಿ ಡಬ್ಬಿ ಬಡಿದ ಹಾಗೆ ಬಡಬಡ ಅನ್ನುತ್ತಿದ್ದ ತಗಡು ಹದಕ್ಕೆ ಬರುತ್ತ ಬರುತ್ತ ಕಂಚಿನ ತಾಟಿನ ಹಾಗೆ ದನಿ ಕೊಡತೊಡಗಿತು. ಕೊನೆಯ ದಿನ ಅದರ ಮೇಲೆ ಚಿಮಣಿ ಎಣ್ಣೆ ಸವರಿ, "ಟ್ಯೂಬ್‌ಲೈಟ್ ಹಚ್ಚು" ಎಂದರು. ಒದ್ದೆ ತಗಡಿನ ಮೇಲೆ ದೀಪದ ಬೆಳಕು ಒಂದು ಗೆರೆಯಾಗಿ ಬಿತ್ತು. ತಗಡಿನಲ್ಲಿ ಕೂದಲಿನಷ್ಟು ತಗ್ಗಿದ್ದರೂ ಆ ಗೆರೆ ನಡುಗಬೇಕು. ನಾನು ತಲೆ ಆಡಿಸುತ್ತ ಈ ತುದಿಯಿಂದ ಆ ತುದಿಗೆ ಹೋದೆ. ಗೆರೆ ನನ್ನ ಜೊತೆಗೇ ಹರಿಯಿತು, ಬಾಗಿತು, ಹೆಡ್‌ಲೈಟ್ ಕೂರುವ ಕಡೆ ಹೊರಳಿ ಇಳಿಯಿತು, ಎಲ್ಲೂ ನಡುಗಲಿಲ್ಲ. ಅಮೆರಿಕದವರು ಅದನ್ನು ದೊಡ್ಡ ಮಶೀನಿನ ಅಚ್ಚಿನಲ್ಲಿ ಒತ್ತಿ ಮಾಡಿದ್ದರು. ಈ ಮನುಷ್ಯನ ಬಳಿ ಒಂದು ಕೊರಡು ಇತ್ತು.

ಕಾಕಾ ಅದನ್ನು ಮಗುಚಿ ಹಾಕಿ, ಅಂಚಿನ ಹತ್ತಿರ ಉಳಿ ಇಟ್ಟು ಮೂರು ಏಟು ಹೊಡೆದರು. ಟಕ್, ಟಕ್, ಟಕ್. ಆಮೇಲೆ ಕೈ ತೊಳೆದುಕೊಂಡು ಬಸ್ಸಿಗೆ ಹೋದರು.

ಅವರು ಓಣಿ ತಿರುಗುವುದನ್ನೇ ಕಾಯುತ್ತಿದ್ದೆ. ಅಮೆರಿಕದ ತಗಡಿನಲ್ಲಿ ಈ ಚುಕ್ಕೆ ಎಲ್ಲಿಂದ ಬರಬೇಕು? ಸಾಹೇಬರು ಕೂಲಂಕಷವಾಗಿ ನೋಡುವ ಮನುಷ್ಯ. ಗ್ರೈಂಡರ್ ಹಿಡಿದೆ. ಅರ್ಧ ನಿಮಿಷದ ಕೆಲಸ. ಮೇಲೆ ತುಕ್ಕು ಹಿಡಿಯದ ಕರಿ ಬಣ್ಣ ಬಳಿದೆ. ಕೈ ನಡುಗಲಿಲ್ಲ ನನ್ನದು, ಅದನ್ನೂ ಹೇಳಿಬಿಡುತ್ತೇನೆ.

ಕಾರು ಒಯ್ಯುವ ದಿನ ಪೂಜೆ ಇಟ್ಟುಕೊಂಡಿದ್ದೆವು. ಚಕ್ರದ ಕೆಳಗೆ ಲಿಂಬೆಹಣ್ಣು, ಮೂತಿಗೆ ಚೆಂಡುಹೂವಿನ ಮಾಲೆ. ನಾನು ಚಾವಿ ತಿರುಗಿಸಿದೆ. ಎಂಟು ಸಿಲಿಂಡರ್ ಒಟ್ಟಿಗೆ ಎದ್ದ ಆ ಸದ್ದು! ಶೆಡ್ಡಿನ ಪತ್ರಾಸು ಝಣಗುಟ್ಟಿತು, ಓಣಿಯ ನಾಯಿಗಳು ಓಡಿದವು, ಎದುರುಮನೆಯ ಅಜ್ಜಿ ಕೈ ಮುಗಿದಳು. ಸಾಹೇಬರ ಕಣ್ಣು ಒದ್ದೆಯಾಗಿದ್ದವು. ಅವರು ಕಾರನ್ನು ಒಂದು ಸುತ್ತು ಹಾಕಿ, ಎಡಗಡೆ ಮಡ್‌ಗಾರ್ಡಿನ ಮೇಲೆ ಕೈ ಇಟ್ಟು ನಿಂತರು.

"ಒರಿಜಿನಲ್ ಅಂದ್ರ ಇದು ನೋಡು, ಬಸಣ್ಣ. ಏನ್ ಕೈಯಪ್ಪಾ ಆ ಮಂದೀದು! ನಮ್ಮವರ ಕೈಲೆ ಇಂಥಾದ್ದು ಆಗತದೇನು?"

ಕಾಕಾ ಎರಡು ಮಾರು ದೂರದಲ್ಲಿ, ಒಡೆಯಬೇಕಾದ ತೆಂಗಿನಕಾಯಿ ಹಿಡಿದುಕೊಂಡು ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ.

"ಎಲ್ಲೀದ್ರಿ ಸಾಹೇಬ್ರ," ಎಂದೆ. "ನಮ್ಮ ಕೈಲೆ ಆಗೂ ಮಾತಲ್ಲರಿ ಅದು."

ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತು. ಸುಮ್ಮನೆ ಇದ್ದರೂ — ಇಲ್ಲ, ನಾನು ಹೇಳಿದೆ. ನಗುತ್ತ ಹೇಳಿದೆ.

ಕಾಕಾ ಕಾಯಿ ಒಡೆದರು. ಆಮೇಲೆ ಚಕ್ರದ ಹತ್ತಿರ ಬಗ್ಗಿ, ಲಿಂಬೆಹಣ್ಣು ಸರಿಮಾಡುವವರ ಹಾಗೆ, ಮಡ್‌ಗಾರ್ಡಿನ ಒಳಗೆ ಕೈ ಹಾಕಿದರು. ಆ ಅಂಗೈ ಅಂಚಿನಗುಂಟ ಹೋಯಿತು, ಒಂದು ಕಡೆ ನಿಂತಿತು. ಯಾವ ತಗಡಿನಲ್ಲೂ ಕಣ್ಣಿಗೆ ಕಾಣದ್ದನ್ನು ಹುಡುಕಿ ತೆಗೆಯುವ ಕೈ, ಅಲ್ಲಿ ಇರಬೇಕಾದದ್ದು ಇಲ್ಲ ಎಂದು ತಿಳಿಯಲು ಅದಕ್ಕೆ ಎಷ್ಟು ಹೊತ್ತು? ಕೈ ಹೊರಗೆ ತೆಗೆದು, ಬೆರಳು ನೋಡಿಕೊಂಡು, ಧೋತರಕ್ಕೆ ಒರೆಸಿಕೊಂಡರು. "ಬಸ್ಸಿನ ಹೊತ್ತಾತು" ಎಂದರು. ಮಟಮಟ ಮಧ್ಯಾಹ್ನ ಅದು. ಅವರ ಬಸ್ಸು ಸಂಜೆಗೆ.

ಮರುದಿನ ಬಂದು ತಮ್ಮ ಸುತ್ತಿಗೆ, ಕೊಡತಿ ಮಾತ್ರ ಚೀಲದಲ್ಲಿ ಹಾಕಿಕೊಂಡರು. ಹುಣಸೆ ಕೊರಡನ್ನು ಮುಟ್ಟಲಿಲ್ಲ. "ವಯಸ್ಸಾತು ತಮ್ಮಾ, ದಿನಾ ಬಸ್ಸು ಹತ್ತೂದು ಆಗವಲ್ದು" ಎಂದರು. ನಾನು ನಂಬಿದವನ ಹಾಗೆ ತಲೆಯಾಡಿಸಿದೆ.

ಆ ಕಾರಿನಿಂದ ನನ್ನ ಹೆಸರು ಬೆಳಗಾವಿ, ಗೋವಾದವರೆಗೆ ಹೋಯಿತು. ಹಳೆಯ ಗಾಡಿ ಎಂದರೆ ಬಸಣ್ಣ. ಬಂದವರಿಗೆಲ್ಲ ಆ ಮಡ್‌ಗಾರ್ಡಿನ ಫೋಟೋ ತೋರಿಸಿ 'ಅಮೆರಿಕದ್ದು' ಎಂದೆ. ಕೊರಡು ಮಾತ್ರ ಶೆಡ್ಡಿನ ಮೂಲೆಯಲ್ಲೇ ಇತ್ತು. ಅದರ ಮೇಲೆ ಯಾರನ್ನೂ ಕೂರಗೊಡುತ್ತಿರಲಿಲ್ಲ. ಏಕೆ ಎಂದು ಯಾರಾದರೂ ಕೇಳಿದರೆ ಬೈಯುತ್ತಿದ್ದೆ.

ಹೋದ ವಾರ ನವನಗರದ ಹತ್ತಿರ ಒಂದು ಟೆಂಪೊ ಆ ಕಾರಿಗೆ ಉಜ್ಜಿಕೊಂಡು ಹೋಯಿತು. ಅದೇ ಎಡಗಡೆ. ಸಾಹೇಬರು ಗಾಡಿ ತಂದು ಬಿಟ್ಟು, "ಮತ್ತೊಂದು ಅಲ್ಲಿಂದನಽ ತರಸೋಣು. ಅಮಾಸಿ ಮುಗದ ಮರುದಿನ ಹತ್ತಕ್ಕ ಬರತೀನಿ, ಅಳತಿ ತಗದಿಡು" ಎಂದು ಹೋದರು. ನಿನ್ನೆ ನಾನು ಮಡ್‌ಗಾರ್ಡ್ ಬಿಚ್ಚಿ ಬಣ್ಣ ಕೆರೆದೆ. ಪೆಟ್ಟು ದೊಡ್ಡದಲ್ಲ, ಆದರೆ ಒಂದು ಸೀಳು ಇತ್ತು. ಅದು ಪೆಟ್ಟು ಬಿದ್ದ ಕಡೆಯಿಂದ ಶುರುವಾಗಿರಲಿಲ್ಲ. ಗೇಣು ದೂರದಲ್ಲಿ, ನಾನು ಗ್ರೈಂಡರ್ ಹಿಡಿದು ತೆಳ್ಳಗೆ ಮಾಡಿದ್ದ ಜಾಗದಿಂದ ಶುರುವಾಗಿತ್ತು.

ಇವತ್ತು ಅಮಾವಾಸ್ಯೆ, ಗ್ಯಾರೇಜಿಗೆ ಬೀಗ. ಮಡ್‌ಗಾರ್ಡನ್ನು ನನ್ನ ಗಾಡಿಯಲ್ಲಿ ಹಾಕಿಕೊಂಡು ಉಪ್ಪಿನಬೆಟಗೇರಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ತೊಳೆದು ವಿಭೂತಿ ಹಚ್ಚಿದ ಸುತ್ತಿಗೆ, ಕೊಡತಿ. ಅವರ ಕೈ ಈಗ ಸ್ವಲ್ಪ ನಡುಗುತ್ತದೆ. ನಾನು ಎಲ್ಲವನ್ನೂ ಹೇಳಿದೆ, ಅವರಿಗೆ ಮೊದಲೇ ಗೊತ್ತಿದ್ದದ್ದನ್ನೇ. ಅವರು ತಗಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಅಂಗೈ ಸರಿಸಿದರು. ತಗಡಿನ ಮೇಲೆ ಇಟ್ಟ ಕೂಡಲೆ ಆ ಕೈ ನಡುಗುವುದು ನಿಂತಿತು. ನನ್ನ ಕಣ್ಣಾರೆ ನೋಡಿದೆ.

"ಅಳಸೂದನ್ನೂ ನೆಟ್ಟಗ ಅಳಸಿಲ್ಲಲ್ಲೋ," ಎಂದರು ಕಾಕಾ. "ಗ್ರೈಂಡರ್ ಓರಿ ಹಿಡದಿ. ಒಂದ ಕಡೆ ಬರೇ ಸಿಪ್ಪಿ ಉಳದೈತಿ."

ನಾನು ಆ ಜಾಗಕ್ಕೆ ಬೆರಳು ಇಟ್ಟು ನೋಡಿದೆ.

"ಸಾಹೇಬ್ರಿಗೆ ಹೇಳಿದ್ಯಾ?"

"ಇಲ್ಲ ಕಾಕಾ."

"ಮತ್ತ ನನಗ್ಯಾಕ ಹೇಳಾಕ ಬಂದಿ? ನಾ ಅಲ್ಲೇ ನಿಂತಿದ್ನೆಲ್ಲೋ."

ತಗಡನ್ನು ನನ್ನ ಕೈಗೆ ಕೊಟ್ಟರು. ಸರಿಮಾಡುತ್ತೇನೆ ಎನ್ನಲಿಲ್ಲ, ಮಾಡುವುದಿಲ್ಲ ಎನ್ನಲಿಲ್ಲ. ನಾನು ಮೆಟ್ಟಿಲು ಇಳಿಯುವಾಗ, "ಇವತ್ತ ಅಮಾಸಿ. ಹತ್ಯಾರ ಮುಟ್ಟಬ್ಯಾಡ ಮತ್ತ" ಎಂದರು.

ಮುಟ್ಟಿಲ್ಲ. ಇವತ್ತು ಹಿಡಿದದ್ದು ಈ ಪೆನ್ನು ಒಂದೇ.

ಅಮೆರಿಕದಿಂದ ಬಂದ, ನಾನು ಸುಟ್ಟ ಆ ತಗಡನ್ನು ಗುಜರಿಗೆ ಹಾಕಿರಲಿಲ್ಲ. ಒಂಬತ್ತು ವರ್ಷದಿಂದ ಅಟ್ಟದ ಮೇಲೆ ಗೋಣಿಚೀಲದ ಕೆಳಗಿದೆ. ಕಾಕಾನ ಊರಿಂದ ಬಂದವನೇ ಅದನ್ನು ಇಳಿಸಿದೆ. ಎರಡನ್ನೂ ಗ್ಯಾರೇಜಿನ ಬಾಗಿಲಲ್ಲಿ ಪಕ್ಕಪಕ್ಕ ನಿಲ್ಲಿಸಿದ್ದೇನೆ — ಒಂದು ಸುಟ್ಟು ಸುರುಟಿದ್ದು, ಒಂದು ಸೀಳಿದ್ದು. ಎರಡನ್ನೂ ಕೆಡಿಸಿದ ಕೈ ಒಂದೇ. ನಾಳೆ ಹತ್ತಕ್ಕೆ ಸಾಹೇಬರು ಬರುತ್ತಾರೆ. ಈ ಕಾಗದ ಅವರ ಕೈಯಲ್ಲಿ ಕೊಟ್ಟು, ಅವರು ಓದಿ ಮುಗಿಸುವ ತನಕ ಅಲ್ಲೇ ನಿಂತಿರುತ್ತೇನೆ.