ಹೋಳಿಗೆಯ ಮೇಲೆ ಹೊರಿಸಿದ ತಪ್ಪು

೨೦೧೯ರ ದೀಪಾವಳಿ. ಆಗ ನನಗೆ ನಲವತ್ತೆಂಟು ವರ್ಷ. ಆ ವರ್ಷ ಪಾಡ್ಯದ ಮರುದಿನ, ವೈದ್ಯರು ಆಡದಿದ್ದ ಮಾತೊಂದನ್ನು ವೈದ್ಯರ ಹೆಸರಿನಲ್ಲಿ ನನ್ನ ಮನೆಯವರಿಗೆ ಹೇಳಿದೆ. ಅಣ್ಣನ ಹೃದಯಾಘಾತಕ್ಕೆ ಹಬ್ಬದ ಅಡಿಗೆಯೇ ಕಾರಣ ಎಂದೆ — ಅಂದರೆ, ಅದನ್ನು ಮಾಡಿ ಬಡಿಸಿದ ಅವನ ಹೆಂಡತಿ, ನಮ್ಮ ವೈನಿ, ಕಾರಣ ಎಂದೆ. ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು. 'ಹೇಳಬೇಕಾಯಿತು' ಎಂದು ಬರೆದು ನುಣುಚಿಕೊಳ್ಳಬಹುದಿತ್ತು, ಬರೆಯುವುದಿಲ್ಲ. ಹೇಳಿದವನು ನಾನು.

ನಾನು ಗೋಕಾಕದಲ್ಲಿ ಕನ್ನಡ ಶಿಕ್ಷಕನಾಗಿದ್ದೆ, ಈಗ ಸ್ವಯಂನಿವೃತ್ತ. ಅಣ್ಣ, ವೈನಿ, ಅವ್ವ ಕಲ್ಲೋಳಿಯ ಮನೆಯಲ್ಲಿದ್ದಾರೆ. ಪಾಡ್ಯದ ದಿನ ಅಂಗಳದಲ್ಲಿ ಸಗಣಿಯಿಂದ ಮಾಡಿದ ಪಾಂಡವರ ಗೊಂಬೆಗಳನ್ನು ಕೂಡಿಸಿ, ಪೂಜೆ ಮುಗಿಸಿ, ನಾವೆಲ್ಲ ಸಾಲಾಗಿ ಉಣ್ಣಲು ಕುಳಿತಿದ್ದೆವು. ವೈನಿ ಹೋಳಿಗೆ ಬಡಿಸಲು ಬಂದಾಗ ಅಣ್ಣ ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದ. ಅವ್ವ ಬಿಡಲಿಲ್ಲ.

"ಪಾಂಡವರ ಹೆಸರಲೆ ಇನ್ನೊಂದ್ ಹಾಕವ್ವಾ. ಹಬ್ಬದ ದಿನಾ ನಿನ್ನ ಕೈ ಯಾಕ ಸಣ್ಣದಾತು?"

ವೈನಿ ನಗುತ್ತ ಅವನ ಬೆರಳುಗಳ ಸಂದಿಯಿಂದಲೇ ತುಪ್ಪ ಎರೆದರು. ಎಲ್ಲರೂ ನಕ್ಕೆವು — ನಾನೂ. ಸಂಜೆ ಅಣ್ಣನಿಗೆ ಎದೆ ಹಿಡಿಯಿತು. ಗೋಕಾಕಕ್ಕೆ, ಅಲ್ಲಿಂದ ಬೆಳಗಾವಿಗೆ ಒಯ್ದೆವು. ರಕ್ತನಾಳದಲ್ಲಿ ಸ್ಟೆಂಟ್ ಕೂಡಿಸಿದರು.

ಮರುದಿನ ವೈದ್ಯರು ನನ್ನನ್ನು ಒಳಗೆ ಕರೆದು ಸ್ಪಷ್ಟವಾಗಿ ವಿವರಿಸಿದರು. ಅಣ್ಣ ಶ್ರಾವಣದಲ್ಲಿ ಒಪ್ಪತ್ತು ಹಿಡಿದಾಗ, ಹಸಿದ ಹೊಟ್ಟೆಗೆ ಬೇಡವೆಂದು ರಕ್ತದೊತ್ತಡದ ಗುಳಿಗೆ ನಿಲ್ಲಿಸಿದ್ದ. ಮೈ ಹಗುರಾಗಿದೆಯೆಂದು ತಿಂಗಳು ಮುಗಿದ ಮೇಲೂ ಅದನ್ನು ಮುಟ್ಟಿರಲಿಲ್ಲ. ಜೊತೆಗೆ ವರ್ಷಗಳ ತಂಬಾಕು. ಎಣ್ಣೆ, ಉಪ್ಪು, ಸಿಹಿ ಇಳಿಯಲೇಬೇಕು ಎಂದರು. ಆದರೆ ಹಬ್ಬದಂದು ಒಂದು ಹೋಳಿಗೆ ತಿಂದು, ಅಷ್ಟೇ ರೊಟ್ಟಿ-ಅನ್ನ ಕಡಿಮೆ ಮಾಡಿದರೆ ತೊಂದರೆಯಿಲ್ಲ. ಒಂದು ಹೊತ್ತಿನ ಊಟದಿಂದ ಇದು ಆದದ್ದಲ್ಲ — ಇದನ್ನೂ ಅವರೇ ಹೇಳಿದರು.

ಹಾಸಿಗೆಯ ಬಳಿ ಹೋದಾಗ ಅಣ್ಣ ನನ್ನ ಕೈ ಹಿಡಿದ.

"ತಮ್ಮಾ, ಗುಳಿಗಿ ಬಿಟ್ಟಿದ್ದು ಯಾರಿಗೂ ಹೇಳಬ್ಯಾಡ. ಊರ ಮಂದಿಗೆಲ್ಲಾ ಗುಳಿಗಿ ತಪ್ಪಸಬ್ಯಾಡ್ರಿ ಅಂತ ಬುದ್ಧಿ ಹೇಳಾಂವ ನಾನು. ನಗತಾರ."

ಹೊರಗೆ ಅವ್ವ, ವೈನಿ ಕಾಯುತ್ತಿದ್ದರು. ಗುಳಿಗೆಯ ವಿಷಯ ಬಿಟ್ಟು ಉಳಿದದ್ದನ್ನಷ್ಟೇ ಹೇಳಬಹುದಿತ್ತು. ನಾನು ಹೇಳಿದ್ದು ಇದು: "ಹೋಳಿಗಿ, ತುಪ್ಪಾ, ಕರದ ತಿನಸು — ಹಬ್ಬದ ಊಟನ ಎದಿಗೆ ಬಡದೈತಿ ಅಂದ್ರು ಡಾಕ್ಟರು."

ಅವ್ವ ಸೊಸೆಯತ್ತ ತಿರುಗಿದಳು. "ಕೈಯಾರೆ ತುಪ್ಪಾ ಸುರದ್ಯಲ್ಲ. ಸಮಾಧಾನ ಆತೇನು?"

ಇನ್ನೊಂದು ಹಾಕೆಂದವಳು ತಾನೇ ಎಂಬುದು ಅವ್ವನಿಗೆ ನೆನಪಾಗಲಿಲ್ಲ. ನನಗೆ ನೆನಪಿತ್ತು.

ಸುಳ್ಳು ಹೇಳಿದ್ದು ಅಣ್ಣನ ಮಾನ ಉಳಿಸಲು ಎಂದು ಬಹಳ ದಿನ ನಂಬಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಆ ಮನೆಯ ಎಣ್ಣೆ-ತುಪ್ಪದ ಬಗ್ಗೆ ವರ್ಷಗಳಿಂದ ಹೇಳುತ್ತ ಬಂದಿದ್ದೆ, ಯಾರೂ ಕಿವಿಗೊಟ್ಟಿರಲಿಲ್ಲ. ಅಂದು ಒಂದೇ ವಾಕ್ಯಕ್ಕೆ ಎಲ್ಲರೂ ತಲೆಬಾಗಿದರು. ಆ ಗೆಲುವು — ಆಸ್ಪತ್ರೆಯ ಪಡಸಾಲೆಯಲ್ಲಿ, ಅಣ್ಣ ಒಳಗೆ ಮಲಗಿರುವಾಗ — ನನಗೆ ಹಿತವಾಗಿತ್ತು.

ಮುಂದೆ ಅಣ್ಣನ ಊಟವನ್ನು ನಾನೇ ಗೊತ್ತುಮಾಡಿದೆ. ಜೋಳದ ರೊಟ್ಟಿ, ಮೆಂತ್ಯಪಲ್ಯೆ, ಮೊಳಕೆ ಹೆಸರು, ಕೆನೆ ತೆಗೆದ ಮೊಸರು. ಉಪ್ಪಿನಕಾಯಿ, ಹಪ್ಪಳ, ಚಕ್ಕುಲಿ ವರ್ಜ್ಯ. ಗುಳಿಗೆಯನ್ನು ಗುಟ್ಟಾಗಿ ಮತ್ತೆ ಶುರುಮಾಡಿಸಿದೆ. ತಂಬಾಕು ಬಿಡಿಸಿದೆ. ಅವನು ಚೇತರಿಸಿಕೊಂಡ. ಹೊಲಕ್ಕೆ ನಡೆದೇ ಹೋಗಿಬರುವಷ್ಟು ಗಟ್ಟಿಯಾದ.

ವೈನಿ ಮಾತ್ರ ಹಬ್ಬಕ್ಕೆ ಬಾಣಲೆ ಇಡುವುದನ್ನೇ ಬಿಟ್ಟರು. ದೀಪಾವಳಿಗೆ ನೆರೆಯವರು ಚಕ್ಕುಲಿ-ಉಂಡೆಗಳ ಫರಾಳದ ತಾಟು ಕಳಿಸಿದರೆ ಅದನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ತುಂಬಿಕೊಡಲು ಮನೆಯಲ್ಲಿ ಏನೂ ಇಲ್ಲವಾದ್ದರಿಂದ ಬಂದ ತಾಟನ್ನು ಬಾಗಿಲಲ್ಲೇ ಬೇಡವೆನ್ನುತ್ತಿದ್ದರು. ಸೊಕ್ಕು ಬಂದಿದೆ ಎಂದರು ಮಂದಿ. ಯಾರಾದರೂ ಹೋಳಿಗೆಯ ಮಾತೆತ್ತಿದರೆ ವೈನಿಯದು ಒಂದೇ ಉತ್ತರ: "ನನ್ನ ಕೈ ಚೊಲೋ ಇಲ್ರಿ."

ಆ ಮಾತು ಕೇಳಿಯೂ ನಾನು ಅವರು ಮಾಡಿದ ರೊಟ್ಟಿ ಉಂಡು ಗೋಕಾಕದ ಬಸ್ಸು ಹತ್ತುತ್ತಿದ್ದೆ.

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ಉಣ್ಣುವವನು ಸಾಕೆಂದ ಮೇಲೂ ಬಡಿಸುವುದನ್ನು ಪ್ರೀತಿಯೆನ್ನಲು ನಾನು ಇಂದಿಗೂ ಸಿದ್ಧನಿಲ್ಲ. ಹಬ್ಬ ಒಂದು ದಿನ ತಾನೇ ಎನ್ನುತ್ತಾರೆ. ಪಂಚಮಿಯ ಉಂಡೆಯಿಂದ ಸಂಕ್ರಾಂತಿಯ ಎಳ್ಳು-ಬೆಲ್ಲದವರೆಗೆ ಆ 'ಒಂದು ದಿನ' ಎಷ್ಟು ಸಲ ಬರುತ್ತದೆಂದು ಹೇಳುವವರೇ ಎಣಿಸಲಿ. ನಾನು ಗೊತ್ತುಮಾಡಿದ ಊಟ ಸರಿಯಾಗಿತ್ತು. ಅದನ್ನು ಹಿಂತೆಗೆದುಕೊಳ್ಳುವುದಿಲ್ಲ, ಯಾರು ಬೇಕಾದರೂ ಜಗಳಕ್ಕೆ ಬರಲಿ. ಆದರೆ ಆ ಸರಿಯಾದ ಊಟವನ್ನು ಒಬ್ಬ ಹೆಣ್ಣುಮಗಳ ತಲೆಯ ಮೇಲೆ ತಪ್ಪು ಹೊರಿಸಿ ಮನೆಯೊಳಗೆ ತಂದೆ. ಊಟ ಸರಿಯಿದ್ದ ಮಾತ್ರಕ್ಕೆ ಅದು —

ಇಲ್ಲ. ಆ ವಾಕ್ಯವನ್ನು ಮುಗಿಸಬೇಕಾಗಿಲ್ಲ.

೨೦೨೩ರಲ್ಲಿ ಅಣ್ಣನ ಮಗಳನ್ನು ಹುಕ್ಕೇರಿಗೆ ಮದುವೆ ಮಾಡಿಕೊಟ್ಟೆವು. ಅಳಿಯನ ಮೊದಲ ದೀಪಾವಳಿ. ಮಗಳಿಗಾಗಿಯಾದರೂ ಮತ್ತೆ ಬಾಣಲೆ ಇಡುತ್ತೇನೆಂದು ವೈನಿ ಬಾಯಿಬಿಟ್ಟು ಕೇಳಿದರಂತೆ. ಅವ್ವ ಅಂದಳಂತೆ: "ಅಳ್ಯಾನ ಎದಿಗೂ ಕೈ ಹಚ್ಚಬ್ಯಾಡ." ಮೂಡಲಗಿಯಿಂದ ಅಡಿಗೆಯವರನ್ನು ಕರೆಸಿದರು. ಪಾಡ್ಯದ ಊಟಕ್ಕೆ ಕುಳಿತಾಗ, ತಮ್ಮದೇ ಮನೆಯಲ್ಲಿ, ಮಗಳ ಗಂಡನಿಗೆ ವೈನಿ ನೀರನ್ನಷ್ಟೇ ಹಾಕುತ್ತಿದ್ದರು.

ನಾನು ಅಣ್ಣನ ಮುಖ ನೋಡಿದೆ. ಅವನು ತಾಟು ನೋಡುತ್ತಿದ್ದ.

"ಅವ್ವಾ," ಅಂದೆ, "ಅವತ್ತ ಡಾಕ್ಟರು ಹಂಗ ಅಂದಿದ್ದಿಲ್ಲ. ನಾನ ಅಂದಿದ್ದು. ಅಣ್ಣಾ ಶ್ರಾವಣದಾಗ ಗುಳಿಗಿ ಬಿಟ್ಟಿದ್ದ. ವೈನಿ ಅಡಿಗಿದಲ್ಲ ತಪ್ಪು."

"ಏ ಮಾಸ್ತರ, ಅಳ್ಯಾರು ಕುಂತಾರ, ಬಾಯಿ ಮುಚ್ಚ," ಅಂದ ಅಣ್ಣ.

"ನಾಕ ವರ್ಷ ಮುಚ್ಚೇನಿ. ಇನ್ನ ಮುಚ್ಚೂದಿಲ್ಲ."

ವೈನಿ ತಂಬಿಗೆಯನ್ನು ನೆಲಕ್ಕಿಟ್ಟರು. "ಖರೇ ಏನ್ರಿ?" ಎಂದು ಅಣ್ಣನನ್ನು ಕೇಳಿದರು. ಅವನು ತಲೆ ಎತ್ತದೆಯೇ ಹೂಂಗುಟ್ಟಿದ. ಅಳಿಯ ಉಣ್ಣುವುದನ್ನು ನಿಲ್ಲಿಸಿದ್ದ. ಅವ್ವ ಸೊಸೆಯನ್ನು ನೋಡಿದಳು. ಅವಳ ದನಿ ಇಳಿದಿತ್ತು.

"ನಾಳಿ ಒಂದ್ ನಾಕ ಹೋಳಿಗಿ ನೀನ ಮಾಡವ್ವಾ. ಅಳ್ಯಾ ಉಂಡ ಹೋಗಲಿ."

"ಮಾಡ್ತೇನಿ ಅಂತ ಈಗ ಹೇಳೂದಿಲ್ರಿ, ಅತ್ತಿ. ನನಗ ಮನಸಾದ್ರ ಮಾಡ್ತೇನಿ."

ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ.

"ಇವರಿಗೆ ನಾಚಿಕಿ ಆತು, ಹೇಳಲಿಲ್ಲ. ನಿಮಗೇನಾಗಿತ್ರಿ, ಮಾಸ್ತರ?"

"ನನ್ನ ಮಾತ ನಡೀಬೇಕಾಗಿತ್ರಿ, ವೈನಿ," ಅಂದೆ. ಕ್ಷಮೆಯನ್ನು ನಾನು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಆದರೆ ಆ ಮನೆಯಲ್ಲಿ ಇನ್ನು ಯಾರೂ ವೈನಿಯ ಕೈಗೆ ಕೆಟ್ಟ ಹೆಸರು ಕೊಡುವಂತಿಲ್ಲ ಎಂಬುದು ಅವರೆಲ್ಲರೆದುರು ತೀರ್ಮಾನವಾಯಿತು: ದೀಪಾವಳಿಯ ಪಾಡ್ಯ, ಮಂಗಳವಾರ, ೧೪ ನವೆಂಬರ್ ೨೦೨೩.