ಜಯಂತಿಯನ್ನು ಕಳಿಸುವವರು

ಕೀನ್ಯಾದ ಆ ಹಾಸ್ಟೆಲಿನ ಹುಡುಗಿಯರಿಗೆ ಜಯಂತಿ ರವಿಕೆ ಕತ್ತರಿಸುವುದು, ತೋಳು ಕೂಡಿಸುವುದು, ಅಂಚು ಮಡಿಸುವುದು ಎಲ್ಲ ಕಲಿಸಿದ್ದಳು. ಗುಂಡಿ ತೂರಿಸುವ ಕಾಜಾ ಹೊಲಿಯುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ಅವಳು ಬಂದಿದ್ದ ಚರ್ಚಿನ ತಂಡ ಕಲ್ಕತ್ತೆಗೆ ಹಿಂತಿರುಗುವ ದಿನ ಬಂತು. "ಮತ್ತೆ ಬಂದು ಕಲಿಸ್ತೇನೆ" ಎಂದು ಮಾತು ಕೊಟ್ಟು ಬಂದಿದ್ದಳು. ಬರುವ ಜನವರಿಯಲ್ಲಿ ತಂಡ ಮತ್ತೆ ಹೊರಡುವುದಿತ್ತು.

ಉಡುಪಿಯ ಹತ್ತಿರದ ಹಳ್ಳಿಯೊಂದರ ಬಾಸೆಲ್ ಮಿಷನ್ ಕ್ರೈಸ್ತ ಸಭೆಯಲ್ಲಿ ಬೆಳೆದ ಜಯಂತಿಗೆ ಹೊಲಿಗೆ ತಾಯಿಯಿಂದ ಬಂದ ವಿದ್ಯೆ. ಗಂಡ ಮೋಹನದಾಸ ಕಲ್ಕತ್ತೆಯ ಬ್ಯಾಂಕಿನಲ್ಲಿ ಅಧಿಕಾರಿ. ಮಗಳು ಅಮಿತಾ ಅಲ್ಲಿನ ಸೆಕ್ಟರ್ ಫೈವಿನ ಐಟಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಆಗಲೇ ಅಪ್ಪನಿಗಿಂತ ಹೆಚ್ಚು ಸಂಬಳ ತರುತ್ತಿದ್ದಳು. ಟಿಕೆಟ್ ತೆಗೆಯುವುದು ಆ ಮನೆಗೆ ಕಷ್ಟವಿರಲಿಲ್ಲ. ಆದರೆ ಚರ್ಚಿನಲ್ಲಿ ಒಂದು ಕಟ್ಟುಪಾಡಿತ್ತು. ಹೋಗುವವರು ತಮ್ಮ ಕಾಸಿನಿಂದ ಹೋಗಕೂಡದು, ಖರ್ಚು ಕೊಟ್ಟು ಅವರನ್ನು ಕಳಿಸುವವರು ಇರಬೇಕು. ಹೊರಡುವ ಮೊದಲು ಕಳಿಸುವವರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದರು.

ಕೈಯೊಡ್ಡಿ ಕೇಳುವುದು ಜಯಂತಿಗೆ ಆಗದ ಕೆಲಸ. ಊರಿನಿಂದ ತಂದ ಶ್ಯಾವಿಗೆ ಒತ್ತುವ ಮಣೆ ಅಟ್ಟದ ಮೇಲಿತ್ತು. ಕುಚ್ಚಲಕ್ಕಿಗೆ ಬಂಗಾಳದಲ್ಲಿ ಬರವಿಲ್ಲ. ಶನಿವಾರ ಸಂಜೆ ಶ್ಯಾವಿಗೆ, ಕಾಯಿಹಾಲು ಮಾಡಿ ಕೊಡುತ್ತೇನೆ, ಕೊಡುವುದನ್ನು ಮಿಷನ್ ಕೆಲಸಕ್ಕೆ ಕೊಡಿ ಎಂದು ತಾವಿದ್ದ ಸದರ್ನ್ ಅವೆನ್ಯೂ ಸುತ್ತಲಿನ ಕನ್ನಡದವರಿಗೆ ತಿಳಿಸಿದಳು.

ಮೇಲಿನ ಮಹಡಿಗೆ ಹೊಸದಾಗಿ ಬಂದಿದ್ದ ಕುಂದಾಪುರದ ಸುಲೋಚನಾ ಇದನ್ನು ತನ್ನದೇ ಕೆಲಸ ಎಂಬಂತೆ ಹಚ್ಚಿಕೊಂಡಳು. ಕಂಡವರಿಗೆಲ್ಲ ಫೋನು ಮಾಡಿದಳು. ಎರಡನೆಯ ಶನಿವಾರಕ್ಕೆ ಡಬ್ಬಿ ಹಿಡಿದವರು ಮೆಟ್ಟಿಲ ಮೇಲೆ ಸಾಲು ನಿಂತರು. ರೈಲ್ವೆಯ ನಂಜುಂಡಪ್ಪನವರಂತೂ ಎರಡು ಡಬ್ಬಿ ತಂದಿದ್ದರು.

ನವೆಂಬರಿನ ಒಂದು ಬೆಳಿಗ್ಗೆ ಸುಲೋಚನಾ ಕಾಳಿಘಾಟಿನ ಗುಡಿಯಿಂದ ನೇರವಾಗಿ ಬಂದು ಕೆಂಪು ದಾಸವಾಳವಿದ್ದ ಪ್ರಸಾದದ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

"ಜಯಂತಿಯಕ್ಕ, ಇದನ್ನು ಒಣಗಿಸಿ ಇಡಿ. ಹೋದಾಗ ಅಲ್ಲಿಯ ಮಹಾರಾಜರಿಗೆ ಕೊಡ್ಬೇಕು."

"ಎಂತ ಮಹಾರಾಜರು ಮಾರಾಯ್ತಿ? ಅಲ್ಲಿ ರಾಜರಿಲ್ಲ, ಇರುವುದು ಅಧ್ಯಕ್ಷರು."

ಸುಲೋಚನಾ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಕ್ಕ, ಮಠದ ಮಹಾರಾಜರು! ಮಿಷನ್ನಿನ ಸ್ವಾಮಿಗಳು! ಇಲ್ಲಿಗೆ ಬಂದು ಇಷ್ಟು ವರ್ಷ ಆಯ್ತು, ಇದೂ ಗೊತ್ತಿಲ್ವಾ?"

ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೇನೆ ಎಂದು ಅವಳು ಮೇಲಕ್ಕೆ ಓಡಿದಳು. ಜಯಂತಿಗೆ ಆಗ ಹೊಳೆಯಿತು. ಕಲ್ಕತ್ತೆಯಲ್ಲಿ ಬರಿಯ 'ಮಿಷನ್' ಎಂದರೆ ಜನರ ತಲೆಗೆ ಬರುವುದು ರಾಮಕೃಷ್ಣ ಮಿಷನ್. ಅವಳ ಹಳ್ಳಿಯಲ್ಲಿ ಅದೇ ಮಾತಿಗೆ ಬಾಸೆಲ್ ಮಿಷನ್ ಒಂದೇ ಅರ್ಥ.

ಊಟಕ್ಕೆ ಕೂತಾಗ ಮೋಹನದಾಸ ಕೇಳಿದ, "ನೀನು ಸುಳ್ಳು ಹೇಳಿದ್ದಾ? ಇಲ್ಲ. ಅವರು ಕೇಳಿದ್ದಾ? ಇಲ್ಲ. ಮತ್ತೆಂತ ನಿನ್ನ ತಲೆಬಿಸಿ?"

"ಅಮ್ಮ, ಜಸ್ಟ್ ಲೀವ್ ಇಟ್. ಅವರಿಗೆ ಬೇಕಾದ್ದು ಶ್ಯಾವಿಗೆ" ಎಂದಳು ಅಮಿತಾ.

"ಕಳಿಸುವವರಿಗೆ ಯಾರನ್ನು ಎಲ್ಲಿಗೆ ಕಳಿಸ್ತೇವೆ ಅಂತ ಗೊತ್ತಿರ್ಬೇಕಲ್ಲ" ಎಂದು ಜಯಂತಿ ತಟ್ಟೆ ಎತ್ತಿಕೊಂಡಳು.

ಮರುದಿನ ಮೇಲಿನ ಮಹಡಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಕುಂಕುಮ ಇಡುವುದಿಲ್ಲ ಅಂತ ಕಂಡಿದ್ದೆ. ಏನೋ ವ್ರತ ಇರ್ಬೇಕು ಅಂದ್ಕೊಂಡೆ" ಎಂದಳು ಸುಲೋಚನಾ. "ಅಲ್ಲಿ ಎಂತ ಮಾಡ್ಲಿಕ್ಕೆ ಹೋಗುವುದು? ಮತಕ್ಕೆ ಸೇರಿಸ್ಲಿಕ್ಕಾ?"

"ಹೊಲಿಗೆ ಕಲಿಸ್ಲಿಕ್ಕೆ. ಬೆಳಿಗ್ಗೆ ಪ್ರಾರ್ಥನೆ ಉಂಟು, ಬೈಬಲ್ ಓದುವುದುಂಟು. ಅದನ್ನು ಮುಚ್ಚಿಡುವುದಿಲ್ಲ."

"ನನ್ನ ಬಾಯಿಂದ ಇಷ್ಟು ಜನಕ್ಕೆ ಹೇಳಿಸಿದ್ರಲ್ಲ ಅಕ್ಕ!"

ಸುಲೋಚನಾ ಎಲ್ಲರಿಗೂ ಮತ್ತೆ ಫೋನು ಮಾಡಿದಳು. ಕೆಲವರು ಕೊಟ್ಟದ್ದನ್ನು ಹಿಂದಕ್ಕೆ ಕೇಳಿದರು. ಜಯಂತಿ ತಾನೇ ಮನೆಮನೆಗೆ ಹೋಗಿ ಕೊಟ್ಟುಬಂದಳು. ಶನಿವಾರ ಬಂದವರು ನಂಜುಂಡಪ್ಪನವರೊಬ್ಬರೇ. "ನಮ್ಮಪ್ಪ ಓದಿದ್ದು ಮಿಷನ್ ಶಾಲೆಯಲ್ಲೇ ಕಣಮ್ಮ. ಚರ್ಚಿನಲ್ಲಿ ನನ್ನ ಹೆಸರು ಧಾರಾಳವಾಗಿ ಓದಿಸಿ" ಎಂದು ಡಬ್ಬಿ ಮುಂದಿಟ್ಟರು.

ಡಿಸೆಂಬರಿನಲ್ಲಿ ಸುಲೋಚನಾ ಬಾಗಿಲಲ್ಲೇ ನಿಂತು ಕೇಳಿದಳು, "ಅಕ್ಕ, ಹೊಲಿಗೆಗೆ ಮಾತ್ರ ನಾನು ಕಳಿಸ್ತೇನೆ. ಪ್ರಾರ್ಥನೆಗೆ ನಿಮ್ಮವರು ಕಳಿಸಲಿ. ಆಗ್ತದಾ?"

ಆಗುತ್ತದೆ ಎಂದುಬಿಡಲು ಜಯಂತಿಗೆ ಬಹಳ ಆಸೆಯಾಯಿತು. ಆದರೂ ಹೇಳಿದಳು, "ನನ್ನನ್ನು ಹಾಗೆ ಎರಡು ಮಾಡ್ಲಿಕ್ಕೆ ಆಗುವುದಿಲ್ಲ ಸುಲೋಚನಾ. ಹೋಗುವವಳು ಒಬ್ಬಳೇ."

"ಹಾಗಾದ್ರೆ ಬೇಡ" ಎಂದಳು ಸುಲೋಚನಾ. ಕೋಪದಿಂದೇನೂ ಅಲ್ಲ.

ಜನವರಿಯಲ್ಲಿ ತಂಡ ಅವಳಿಲ್ಲದೆ ಹೊರಟಿತು. ಕಳಿಸುವವರು ಒಬ್ಬೊಬ್ಬರಾಗಿ ಕೂಡುವುದಕ್ಕೆ ಇನ್ನೂ ಒಂದೂವರೆ ವರ್ಷ ಹಿಡಿಯಿತು. ಚರ್ಚಿನ ಮುದುಕಿಯರು, ಅವಳ ಬಳಿ ಹೊಲಿಗೆ ಕಲಿಯಲು ಬರುತ್ತಿದ್ದ ಇಬ್ಬರು ನರ್ಸುಗಳು, ನಂಜುಂಡಪ್ಪನವರು. ಪಾದ್ರಿಗಳು ಹೆಸರು ಓದಿದಾಗ ಎಲ್ಲರೂ ಯಾರೆಂದು ಜಯಂತಿಗೆ ಗೊತ್ತಿತ್ತು. ಅವರಿಗೂ ಅವಳು ಎಲ್ಲಿಗೆ, ಯಾಕೆ ಹೋಗುತ್ತಾಳೆಂದು ಗೊತ್ತಿತ್ತು.

ಹಾಸ್ಟೆಲಿಗೆ ತಲುಪಿದಾಗ ಹಳೆಯ ಹುಡುಗಿಯರಲ್ಲಿ ಇಬ್ಬರೇ ಉಳಿದಿದ್ದರು. ಮಿಕ್ಕವರು ತಮ್ಮ ಊರುಗಳಿಗೆ ಹೋಗಿ, ಕಾಜಾ ಬರದ ಕಾರಣ ಹುಕ್ಕು ಹಚ್ಚಿದ ರವಿಕೆಗಳನ್ನು ಸಂತೆಯಲ್ಲಿ ಮಾರುತ್ತಿದ್ದಾರೆಂದು ವಾರ್ಡನ್ ಹೇಳಿದಳು. ಜಯಂತಿ ಆ ಇಬ್ಬರನ್ನೂ ಹೊಸಬರನ್ನೂ ಕಿಟಕಿಯ ಬಳಿ ಕೂರಿಸಿಕೊಂಡು ಸೂಜಿಗೆ ದಾರ ಪೋಣಿಸಿದಳು.