ಮಾಳಿಗೆಯ ಬೆಳಕಿಂಡಿ ತೆರೆದವಳು

ನಿಮ್ಮ ಅಳತೆ ಕೆಡಿಸಿದವಳು ನಾನು, ಸಾಹೇಬರೇ. ಕೆಡಿಸಬೇಕೆಂದು ಕೆಡಿಸಲಿಲ್ಲ — ಆದರೆ ಕೆಟ್ಟಿದೆ ಎಂದು ಗೊತ್ತಾದ ಮೇಲೂ ಸುಳ್ಳು ಹೇಳಿದೆ.

ಎಪ್ಪತ್ತರ ದಶಕದ ಒಂದು ಚಳಿಗಾಲ, ನೆಲದ ಗಾಳಿ ಅಳೆಯಲು ನಮ್ಮೂರಿಗೆ ಬಂದಿದ್ದಿರಿ. ತೊರಗಲ್ಲಿನ ನಮ್ಮ ಹಿತ್ತಲ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು, ಬಾಣಂತಿ ಕೋಣೆಯಲ್ಲಿ ಅಳತೆಯ ಫಿಲ್ಮಿನ ತುಣುಕೊಂದನ್ನು ತೂಗುಹಾಕಿದಿರಿ. ಮಣ್ಣಿನಲ್ಲಿರುವ ವಿಕಿರಣಶೀಲ ವಸ್ತುವಿನಿಂದ ರೇಡಾನ್ ಎಂಬ ಅನಿಲ ಹುಟ್ಟಿ ನೆಲದೊಳಗಿಂದ ಮೇಲೇಳುತ್ತದೆ, ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಎದೆಗೆ ಕೇಡು ಎಂದಿರಿ. ಮನೆಯಲ್ಲಿ ಸಾಲಿ ಕಲಿತವಳು ನಾನೊಬ್ಬಳೇ, ನನಗೇ ಹೇಳಿ ಹೋದಿರಿ: "ಕೋಣಿ ಹೆಂಗೈತೋ ಹಂಗ ಇರ್ಲಿ."

ಹೇಗಿತ್ತು ಗೊತ್ತೇ? ಚೊಚ್ಚಲ ಹೆರಿಗೆಗೆ ಬಂದು ಬಾಣಂತಿಯಾಗಿದ್ದ ಅಕ್ಕನಿಗೆ ಗಾಳಿ ತಾಗೀತೆಂದು ಅವ್ವ ಬಾಗಿಲ ಸಂದಿಗೆ ಅರಿವೆ ತುರುಕಿದ್ದಳು. ಮಾಳಿಗೆಯ ಬೆಳಕಿಂಡಿಗೆ ಮೇಲಿನಿಂದ ಹಾಸುಗಲ್ಲು ಮುಚ್ಚಿದ್ದಳು. ಅಕ್ಕ ಮಲಗುವ ಹೊರಸಿನ ಕೆಳಗೆ ಸಗಣಿ ಕುಳ್ಳಿನ ಬೆಂಕಿ.

"ತಂಗೀ, ಉಸುರು ಕಟ್ಟಾಕತ್ತೈತಿ... ಏನರ ಮಾಡ," ಎಂದಳು ಅಕ್ಕ.

ಮಾಡಿದೆ. ಅವ್ವ ಹೊಲಕ್ಕೆ ಹೋದೊಡನೆ ಮಾಳಿಗೆ ಹತ್ತಿ ಕಲ್ಲು ಸರಿಸುತ್ತಿದ್ದೆ, ಬರುವ ಹೊತ್ತಿಗೆ ಮುಚ್ಚುತ್ತಿದ್ದೆ. ದಿನಾಲೂ. ಇದಕ್ಕೆ ಮಾತ್ರ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆ ದಿನಗಳು ಮತ್ತೆ ಬಂದರೆ ಮತ್ತೆ ಏಣಿ ಹತ್ತುತ್ತೇನೆ.

ಫಿಲ್ಮ್ ಒಯ್ದು ನೋಡಿ ತಿರುಗಿ ಬಂದಾಗ ನಿಮಗೇ ಬಗೆಹರಿದಿರಲಿಲ್ಲ. ನೆರೆಮನೆಯವರದೂ ನಮ್ಮದೂ ಒಂದೇ ಮಣ್ಣು. ಅವರ ಮುಚ್ಚಿದ ಕೋಣೆಯಲ್ಲಿ ರೇಡಾನ್ ಬಹಳ, ನಮ್ಮಲ್ಲಿ ಕಡಿಮೆ.

"ಕೋಣಿ ಮುಚ್ಚೇ ಇತ್ತೇನವಾ?"

ಅವ್ವ ಎದುರಿಗೇ ನಿಂತಿದ್ದಳು. "ಮುಚ್ಚೇ ಇತ್ರಿ," ಅಂದೆ.

"ಹಂಗಾದ್ರ ಈ ಕೋಣಿಗೇನೂ ಭಯ ಇಲ್ರಿ," ಎಂದು ಅವ್ವನಿಗೆ ಹೇಳಿದಿರಿ. ಅಷ್ಟು ಸಾಕಾಯಿತು. "ಸಾಹೇಬ್ರ ಹೇಳ್ಯಾರ, ನಮ್ಮ ಕೋಣಿ ಛಲೋ ಐತಿ" — ಊರೆಲ್ಲ ಹೇಳಿಕೊಂಡು ಬಂದಳು. ಬೆಳಕಿಂಡಿಗೆ ಗಚ್ಚು ಹಾಕಿಸಿ ಕಾಯಂ ಮುಚ್ಚಿಸಿಯೇಬಿಟ್ಟಳು. ಅಪ್ಪ ಹೋದ ಮೇಲೆ ಅದು ಅವಳದೇ ಕೋಣೆಯಾಯಿತು. ಅಲ್ಲೇ ಮಲಗಿದಳು, ಅಲ್ಲೇ ಕೆಮ್ಮಿದಳು — ಶ್ವಾಸಕೋಶದ ಕ್ಯಾನ್ಸರ್ ಅವಳನ್ನು ಒಯ್ಯುವವರೆಗೆ.

"ಒಲಿ ಹೊಗಿನೋ, ನೆಲದ ಗಾಳಿನೋ, ಯಾರ್ ಕಂಡಾರ?" ಎನ್ನುತ್ತಾಳೆ ಅಕ್ಕ. ಯಾರೂ ಕಂಡಿಲ್ಲ, ನಿಜ. ಆದರೆ ಆ ಸಮಾಧಾನ ನನಗೆ ಬೇಡ. ಅಕ್ಕನ ಉಸಿರಿಗಾಗಿ ಕಲ್ಲು ಎತ್ತಿದವಳಿಗೆ ಅವ್ವನ ಉಸಿರಿಗಾಗಿ ಒಂದು ಮಾತು ಎತ್ತಲಾಗಲಿಲ್ಲ — ಬೈಗುಳಕ್ಕೆ ಹೆದರಿ.

ಮೊನ್ನೆ ಎಲ್ಲರೂ ಬೇಡವೆಂದರೂ ಮಾಳಿಗೆ ಹತ್ತಿ, ಹಾರೆಯಿಂದ ಆ ಗಚ್ಚು ಒಡೆದೆ. ಬೆಳಕು ನೇರ ಅವ್ವನ ಬರಿಯ ಹೊರಸಿನ ಮೇಲೆ ಬಿತ್ತು. ಅಂದು ಅವಳ ಎದುರಿಗೆ ಹೇಳಬೇಕಾದ ಮಾತನ್ನು ಆ ಹೊರಸಿಗೆ ಹೇಳಿದೆ: "ಕೋಣಿ ಮುಚ್ಚಿದ್ದಿಲ್ಲ, ಅವ್ವಾ. ನಾನ ತಗದಿದ್ದೆ."